ಬೋರಲು ಲೋಟ

ನಮ್ಮ ಮನೆಯಿಂದ ಮುಖ್ಯರಸ್ತೆಗೆ ನೇರ ದಾರಿ ಇದೆ. ನಾನು ಅದರಲ್ಲಿ ಹೋಗುವುದಿಲ್ಲ. ಆ ದಾರಿಯಲ್ಲಿ ಒಂದು ಔಷಧಿ ಅಂಗಡಿ, ಒಂದು ಸೂಪರ್ ಮಾರ್ಕೆಟ್ಟು, ಒಂದು ಕಟಿಂಗ್ ಶಾಪು ಇವೆ. ಮೂರನ್ನೂ ನಾನು ಬಿಟ್ಟಿದ್ದೇನೆ. ಬಿಟ್ಟ ಅಂಗಡಿಯ ಮುಂದೆ ಹಾದುಹೋಗುವಾಗ ಗಲ್ಲಾದಲ್ಲಿ ಕೂತವನು ನಗುನಗುತ್ತಾ "ನಮಸ್ಕಾರ ಸಾರ್" ಅಂದುಬಿಟ್ಟರೆ ನನಗೆ ಎಲ್ಲಿ ನೋಡಬೇಕೋ ತಿಳಿಯುವುದಿಲ್ಲ. ಹಾಗಾಗಿ ಹಿಂದಿನ ಅಡ್ಡರಸ್ತೆ ಹಿಡಿದು, ಚರಂಡಿ ಚಪ್ಪಡಿಗಳ ಮೇಲೆ ಕಾಲಿಡುತ್ತಾ, ನೋಯುವ ಮಂಡಿ ಹೊತ್ತುಕೊಂಡು ಸುತ್ತಿ ಬಳಸಿ ಹೋಗುತ್ತೇನೆ. ಶಿಕ್ಷೆ ಯಾರಿಗೆ ಅಂತ ನನ್ನ ಹೆಂಡತಿ ಕೇಳುತ್ತಾಳೆ. ನಾನು ಕೇಳಿಸದವನಂತೆ ಚಪ್ಪಲಿ ಹಾಕಿಕೊಳ್ಳುತ್ತೇನೆ.

ಔಷಧಿ ಅಂಗಡಿಯವನು ಡಾಕ್ಟರು ಬರೆದುಕೊಟ್ಟ ಮಾತ್ರೆ ಬಿಟ್ಟು ಬೇರೆ ಯಾವುದೋ ಕಂಪನಿಯದನ್ನು, ಒಂದು ಮಾತೂ ಹೇಳದೆ, ಕವರಿಗೆ ಹಾಕಿ ಕೊಟ್ಟಿದ್ದ. ಕೇಳಿದರೆ "ಎಲ್ಲಾ ಒಂದೇ ಸಾರ್" ಅಂದ. ಎಲ್ಲಾ ಒಂದೇ ಆದರೆ ಡಾಕ್ಟರು ಯಾಕೆ, ನೀನು ಯಾಕೆ? ಸೂಪರ್ ಮಾರ್ಕೆಟ್ಟಿನವರು ಉದ್ದಿನಬೇಳೆ ಕೊಳ್ಳಲು ಹೋದವನ ಮೊಬೈಲ್ ನಂಬರು ಕೇಳಿದರು, ಆಮೇಲೆ ಹುಟ್ಟಿದ ದಿನ ಕೇಳಿದರು. ಕೊಡುವುದಿಲ್ಲ ಅಂದರೆ ಬಿಲ್ಲು ಬರುವುದಿಲ್ಲವಂತೆ. ನನ್ನ ಹುಟ್ಟಿದ ದಿನ ಗೊತ್ತಿಲ್ಲದೆ ಬೇಯದ ಆ ಬೇಳೆಯನ್ನು ಅಲ್ಲೇ ಬಿಟ್ಟು ಬಂದೆ. ಕಟಿಂಗ್ ಶಾಪಿನವನು ಗಿರಾಕಿಗಳ ಎದುರೇ ಕೆಲಸದವನ ಕಪಾಳಕ್ಕೆ ಹೊಡೆದ. ಅರ್ಧ ಕತ್ತರಿಸಿದ ತಲೆಯಲ್ಲೇ ಎದ್ದು ಬಂದೆ. ಮಿಕ್ಕರ್ಧ ನನ್ನ ಹೆಂಡತಿಯೇ ಹಿತ್ತಲಲ್ಲಿ ಸ್ಟೂಲು ಹಾಕಿ ಕೂರಿಸಿ, ಬೈಯುತ್ತಾ ಕತ್ತರಿಸಿದಳು.

"ಇವತ್ತಿಗೆ ಯಾವ ಅಂಗಡಿ ಉಳಿದಿದೆ ಹೇಳ್ಬಿಡಿ, ಅಲ್ಲಿಂದ್ಲೇ ತರ್ತೀನಿ" ಅನ್ನುವುದು ಅವಳ ದಿನನಿತ್ಯದ ಮಾತು. ನನ್ನ ಬಿ.ಪಿ. ಮಾತ್ರೆಯನ್ನು ಅವಳು ಆ ಅಂಗಡಿಯಿಂದಲೇ ತಂದು, ಕವರು ಬದಲಾಯಿಸಿ ನನ್ನ ಕೈಗೆ ಕೊಡುತ್ತಾಳೆ. ನನಗೆ ಗೊತ್ತು. ನನಗೆ ಗೊತ್ತು ಅಂತ ಅವಳಿಗೂ ಗೊತ್ತು. ನೀರು ಕುಡಿದು ನುಂಗುತ್ತೇನೆ.

ಇಷ್ಟಾದರೂ ಆ ಅಂಗಡಿಗಳಲ್ಲಿ ಒಂದಾದರೂ ಸೊರಗಿದೆಯೇ ಅಂದರೆ ಇಲ್ಲ. ಸೂಪರ್ ಮಾರ್ಕೆಟ್ಟಿನವರು ಮೇಲೆ ಇನ್ನೊಂದು ಮಹಡಿ ಕಟ್ಟಿದ್ದಾರೆ. ಕಟಿಂಗ್ ಶಾಪಿಗೆ ಎ.ಸಿ. ಬಂದಿದೆ. ನಾನು ಬಿಟ್ಟದ್ದು ಅವರಿಗೆ ಗೊತ್ತೇ ಇಲ್ಲ. ಅದು ಗೊತ್ತಾಗಬೇಕು ಅಂತ ನನಗೆ ಆಸೆ ಇದೆಯೇ ಅಂದರೆ, ಇದೆ. ಸುಳ್ಳು ಯಾಕೆ ಹೇಳಲಿ.

ಈ ಚಾಳಿ ನನಗೆ ಅಂಟಿದ್ದು ಕಾರ್ಖಾನೆಯಲ್ಲಿ. ಜಾಲಹಳ್ಳಿ ಕಡೆಯ ಒಂದು ಸರ್ಕಾರಿ ಕಾರ್ಖಾನೆಯ ಮಶೀನ್ ಶಾಪಿನಲ್ಲಿ ನಾನು ಕೆಲಸಕ್ಕೆ ಸೇರಿ ಅಲ್ಲೇ ನಿವೃತ್ತನಾದವನು. ಆಗ ನಮ್ಮ ಕ್ಯಾಂಟೀನಿನಲ್ಲಿ ಒಂದು ಪದ್ಧತಿ ಇತ್ತು. ಊಟ ಕೆಟ್ಟರೆ ನಾವು ಕೂಗಾಡುತ್ತಿರಲಿಲ್ಲ, ಕ್ಯಾಂಟೀನಿಗೆ ಹೋಗುವುದನ್ನು ನಿಲ್ಲಿಸುತ್ತಲೂ ಇರಲಿಲ್ಲ. ಗಂಟೆ ಹೊಡೆದ ಕೂಡಲೇ ಎಂದಿನಂತೆ ಕೈ ತೊಳೆದು, ಸಾಲಿನಲ್ಲಿ ನಿಂತು, ಸ್ಟೀಲ್ ತಟ್ಟೆ ತೆಗೆದುಕೊಂಡು ನಮ್ಮ ನಮ್ಮ ಜಾಗಕ್ಕೆ ಹೋಗಿ ಕೂರುತ್ತಿದ್ದೆವು. ಆಮೇಲೆ ತಟ್ಟೆಯನ್ನು ಮೇಜಿನ ಮೇಲೆ ಬೋರಲು ಹಾಕುತ್ತಿದ್ದೆವು. ಅಷ್ಟೇ. ಊಟದ ಹೊತ್ತು ಮುಗಿಯುವವರೆಗೆ ಬೋರಲು ತಟ್ಟೆಯ ಮುಂದೆ ಕೈಕಟ್ಟಿ ಕೂತಿದ್ದು, ಸೈರನ್ ಆದಾಗ ಎದ್ದು ಮಶೀನಿಗೆ ಹೋಗುತ್ತಿದ್ದೆವು. ಬಡಿಸುವವರು ಅನ್ನದ ಬುಟ್ಟಿ ಹಿಡಿದುಕೊಂಡು ಸಾಲಿನಿಂದ ಸಾಲಿಗೆ ಸುಮ್ಮನೆ ಓಡಾಡುತ್ತಿದ್ದರು.

ಒಂದು ಸಲ ಕಂಟ್ರಾಕ್ಟರು ಹಗಲಿನ ಜನರಲ್ ಶಿಫ್ಟಿನಲ್ಲಿ ಮಿಕ್ಕ ಅನ್ನವನ್ನೇ ರಾತ್ರಿ ಸೆಕೆಂಡ್ ಶಿಫ್ಟಿನವರಿಗೆ ಬಿಸಿ ಮಾಡಿ ಹಾಕತೊಡಗಿದ. ನಾನು ಆಗ ಜನರಲ್ ಶಿಫ್ಟಿನಲ್ಲಿದ್ದೆ. ನಮ್ಮ ತಟ್ಟೆಗೆ ಬೀಳುತ್ತಿದ್ದದ್ದು ಹಬೆಯಾಡುವ ಅನ್ನ. ಆದರೂ ಆ ವಾರ ಮೊದಲು ತಟ್ಟೆ ಬೋರಲು ಹಾಕಿದವರು ನಾವು. ಒಬ್ಬನ ನಂತರ ಒಬ್ಬ, ಸಾಲು ಸಾಲು ತಟ್ಟೆ ಮಗುಚಿದ ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಹೊಟ್ಟೆ ಹಸಿದಿತ್ತು, ಆದರೆ ಮನಸ್ಸಿಗೆ ಅಷ್ಟು ಹಿತವಾಗಿ ಮತ್ತೆಂದೂ ನಾನು ಉಪವಾಸ ಮಾಡಿಲ್ಲ. ಮ್ಯಾನೇಜರು ತಾವೇ ಇಳಿದು ಬಂದು, ನಮ್ಮ ಬೆಂಚಿನ ತುದಿಯಲ್ಲಿ ಕೂತು, "ಏನಾಯ್ತು ಹೇಳ್ರಪ್ಪಾ" ಅಂದರು. ಕಂಟ್ರಾಕ್ಟರು ದಾರಿಗೆ ಬಂದ.

ಅವತ್ತು ನಮ್ಮ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದವನು, ಮುಂದೆಯೂ ನಿವೃತ್ತಿಯವರೆಗೆ ನನ್ನ ಪಕ್ಕವೇ ಕೂತಿದ್ದವನು, ಈ ಭಾಗದ ಹಳ್ಳಿಯವನೇ. ಕಾರ್ಖಾನೆ ಕಟ್ಟಲು ಅವನ ತಾತನ ಹೊಲ ಹೋಗಿತ್ತು. ಅವನ ಮನೆಯವರು ಮಿಕ್ಕ ಜಾಗದಲ್ಲಿ ಮನೆಗಳನ್ನು ಕಟ್ಟಿ ಬಾಡಿಗೆಗೆ ಕೊಟ್ಟಿದ್ದಾರೆ. ಅವನನ್ನು ನಾನು ಹೆಸರು ಹಿಡಿದು ಕರೆದದ್ದೇ ಕಡಿಮೆ. ಮನೆಯಲ್ಲಿ ಹೇಳುವಾಗಲೂ "ನಮ್ಮ ಬೆಂಚಿನವನು" ಅಂತಲೇ ಹೇಳುತ್ತೇನೆ. ನಿವೃತ್ತಿಯಾದ ಮೇಲೆ ನಾವು ನಾಲ್ಕೈದು ಮಂದಿ ಬೆಳಿಗ್ಗೆ ಟೌನ್‌ಶಿಪ್ಪಿನ ಮರಗಳ ಕೆಳಗೆ ನಡೆದು, ಪೀಣ್ಯ ಕಡೆ ತಿರುಗುವ ರಸ್ತೆಯ ಒಂದು ಹೋಟೆಲಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆವು. ಒಳಗಿನ ಮೂಲೆ ಮೇಜು ನಮ್ಮದು. ಅಲ್ಲೂ ಅವನು ನನ್ನ ಪಕ್ಕವೇ. ಮೊಮ್ಮಕ್ಕಳು, ಮಂಡಿ ನೋವು, ಪಿಂಚಣಿ, ಸತ್ತವರು, ಎಲ್ಲದರ ಮಾತೂ ಅಲ್ಲೇ ಆಗುತ್ತಿತ್ತು. ಕಾಫಿ ಚೆನ್ನಾಗಿರುತ್ತಿತ್ತು ಅನ್ನುವುದನ್ನೂ ಹೇಳಬೇಕು. ಈಗ ಬಿಟ್ಟಿದ್ದೇನೆ ಅಂತ ಅದನ್ನು ಕೆಟ್ಟದ್ದು ಅನ್ನಲಾರೆ.

ಒಂದು ಬೆಳಿಗ್ಗೆ ಕಾಫಿಗೆ ಮೊದಲೇ ದುಡ್ಡು ಕೊಟ್ಟು ಗಲ್ಲಾದ ಬಳಿ ನಾನು ಚಿಲ್ಲರೆಗೆ ಕಾಯುತ್ತಾ ನಿಂತಿದ್ದೆ. ನಮ್ಮ ಬೀದಿ ಗುಡಿಸುವ ಹೆಂಗಸು ಯೂನಿಫಾರ್ಮಿನ ಕೋಟು ಹಾಕಿಕೊಂಡು ಬಂದು ಬಾಗಿಲಲ್ಲಿ ಕಾಫಿ ಕೇಳಿದಳು. ಒಳಗಿನಿಂದ ಯಾರೋ ಪಕ್ಕದ ಕಿಟಕಿಯತ್ತ ಕೈ ತೋರಿಸಿದರು. ಅಲ್ಲಿ, ಪಾತ್ರೆ ತೊಳೆಯುವ ಜಾಗದ ಪಕ್ಕ, ಅವಳ ಜೊತೆಯವರು ಆಗಲೇ ನಿಂತಿದ್ದರು. ಎಲ್ಲರ ಕೈಯಲ್ಲೂ ಪೇಪರ್ ಕಪ್ಪು. ಎಷ್ಟು ತೆಳ್ಳಗಿತ್ತೆಂದರೆ ಸೆರಗಿನ ತುದಿ ಸುತ್ತಿಕೊಂಡು ಹಿಡಿದಿದ್ದರು.

"ಲೋಟದಲ್ಲಿ ಕೊಡಣ್ಣ, ಇದು ಕೈ ಸುಡ್ತದೆ" ಅಂದಳು ಅವಳು.

"ಲೋಟ ಒಳಗೆ ಕೂರೋರಿಗಮ್ಮ" ಅಂದ ಒಳಗಿನವನು.

"ಒಳಗೇ ಕೂರ್ತೀನಿ ಬಿಡು ಹಂಗಾದ್ರೆ" ಅಂದು ಅವಳು ನಕ್ಕಳು. ಜೊತೆಯವರೂ ನಕ್ಕರು. ಒಳಗಿನವನು ನಗಲಿಲ್ಲ. ಅವಳು ಕಪ್ಪನ್ನೇ ತೆಗೆದುಕೊಂಡಳು.

ಆ ಹೋಟೆಲಿಗೆ ನಾನು ಎಷ್ಟು ವರ್ಷದಿಂದ ಹೋಗುತ್ತಿದ್ದೆ. ಆ ಕಿಟಕಿ ಅಲ್ಲೇ ಇತ್ತು, ಆ ಹೆಂಗಸರೂ ಅಲ್ಲೇ ಇದ್ದರು. ಅವತ್ತು ಯಾಕೆ ಕಣ್ಣಿಗೆ ಬಿತ್ತೋ. ಮಾಲೀಕನನ್ನು ಕೇಳಿದೆ. ನನಗಿಂತ ಚಿಕ್ಕವನು, ಮಾತು ಮೆದು, ದಿನಾ ಹಣೆಗೆ ಗಂಧ ಇಟ್ಟುಕೊಂಡು ಕೂರುವವನು. ಮೊದಲು "ಅವ್ರಿಗೂ ಅದೇ ಅನುಕೂಲ ಸಾರ್, ಕೆಲಸದ ಅರ್ಜೆಂಟು" ಅಂದ. ಅದಕ್ಕೇ ಅವಳು ಲೋಟ ಕೇಳಿದಳೇನಪ್ಪಾ ಅಂದೆ. ಆಗ ಅವನು ಮುಂದಕ್ಕೆ ಬಾಗಿ, ದನಿ ತಗ್ಗಿಸಿ, ತುಂಬಾ ಸಲಿಗೆಯಿಂದ ಹೇಳಿದ:

"ಹಳೇ ಗಿರಾಕಿ ನೀವು. ನಿಮಗೆ ಬಿಡಿಸಿ ಹೇಳ್ಬೇಕಾ ಸಾರ್? ಅದೇ ಲೋಟದಲ್ಲಿ ನಾಳೆ ನೀವು ಕುಡೀಬೇಕಲ್ವಾ?"

ನನ್ನ ಮೈ ಉರಿಯಿತು. ಅವನು ಮಾಡುತ್ತಿದ್ದದ್ದು ತನ್ನ ಸಲುವಾಗಿ ಅಲ್ಲ, ನನ್ನ ಸಲುವಾಗಿ. ನನ್ನ ಬಾಯಿಗೋಸ್ಕರ. ಕ್ಯಾಂಟೀನಿನಲ್ಲಿ ಯಾವ ಯಾವ ಊರಿನ, ಯಾವ ಯಾವ ಕೇರಿಯ ಜನ ಉಂಡೆದ್ದ ತಟ್ಟೆಗಳಲ್ಲಿ ಮೂರು ದಶಕ ಉಂಡ ಬಾಯಿ ಇದು. ಮೇಜಿನ ಮೇಲೆ ನನಗಾಗಿ ತಂದಿಟ್ಟ ಕಾಫಿಯನ್ನು ಹಾಗೇ ಬಿಟ್ಟು ಹೊರಗೆ ಬಂದೆ.

ಮನೆಗೆ ಬಂದು ಇನ್ನು ಆ ಹೋಟೆಲ್ ಕಡೆ ತಲೆ ಹಾಕುವುದಿಲ್ಲ ಅಂದೆ. ಹೆಂಡತಿ ಪೂರ್ತಿ ಕೇಳಿಸಿಕೊಂಡಳು. ಈ ಸಲ ಅವಳು ನಗಲಿಲ್ಲ, "ಸರಿಯಾಗೇ ಮಾಡಿದ್ರಿ" ಅಂದಳು. ಸ್ವಲ್ಪ ಹೊತ್ತಾದ ಮೇಲೆ ಅಡುಗೆಮನೆಯಿಂದ "ಬಹಿಷ್ಕಾರ ನಿಮ್ದು, ಡಿಕಾಕ್ಷನ್ ನಂದು" ಅಂತ ಕೇಳಿಸಿತು.

ಜೊತೆಯವರಿಗೂ ಹೇಳಿದೆ. ನಾನು ಎದ್ದು ಬಂದರೆ ಅವರೂ ಏಳುತ್ತಾರೆ ಅಂತ ನನ್ನ ಲೆಕ್ಕ. ಒಂದು ಕಾಲಕ್ಕೆ ತಟ್ಟೆ ಮಗುಚಿದವರೇ ಅಲ್ಲವೇ ಎಲ್ಲರೂ? ಅವರು ತಲೆಯಾಡಿಸಿದರು. ಹೌದು, ತಪ್ಪು ಅಂದರು. ಕಾಲ ಕೆಟ್ಟಿದೆ ಅಂದರು. ನಡಿಗೆ ಮುಗಿದ ಮೇಲೆ ಹೋಟೆಲ್ ಕಡೆಗೇ ತಿರುಗಿದರು. ಬೆಂಚಿನವನು ಮಾತ್ರ ಒಂದು ಗಳಿಗೆ ನನ್ನ ಜೊತೆ ನಿಂತ.

"ಲೇ, ನೀ ಓಗ್ದಿದ್ರೆ ಆ ಯಮ್ಮಂಗೆ ಲೋಟ ಸಿಕ್ಬುಡ್ತದಾ?" ಅಂದ.

"ಸಿಗದೇ ಇರಬಹುದು. ನಾನಂತೂ ಕುಡಿಯಲ್ಲ" ಅಂದೆ.

"ಅಂಗಾದ್ರೆ ಸರಿ" ಅಂದು ಅವನೂ ಅವರ ಹಿಂದೆ ಹೋದ. ಅವನ ಬೆನ್ನು ನೋಡುತ್ತಾ ನಿಂತಾಗ ನನಗೆ ಆದ ಸಂಕಟ ಹೋಟೆಲಿನವನ ಮಾತಿನಿಂದಲೂ ಆಗಿರಲಿಲ್ಲ.

ಒಂದು ದಿನ ಬೀದಿ ಗುಡಿಸುವ ಆ ಹೆಂಗಸು ನಮ್ಮ ಗೇಟಿನ ಮುಂದೆ ಸಿಕ್ಕಾಗ, ನಿಮಗೆ ಹಾಗೆ ಮಾಡಿದ್ದಕ್ಕೆ ಆ ಹೋಟೆಲಿಗೆ ಹೋಗುವುದನ್ನೇ ಬಿಟ್ಟಿದ್ದೇನೆ ಅಂದೆ. ಹೇಳಬಾರದಿತ್ತು. ಹೊಗಳಿಕೆಗೆ ಕೈಚಾಚಿದ ಹಾಗಾಯಿತು. ಅವಳು ಪೊರಕೆ ನಿಲ್ಲಿಸಿ ನನ್ನ ಮುಖ ನೋಡಿದಳು.

"ಬಿಟ್ಬುಟ್ರಾ? ಯಾಕ್ ಸಾರ್ ಪಾಪ. ನಮ್ಗೆ ಅದೇ ಹತ್ರ, ನಾವು ಅಲ್ಲೇ ಕುಡೀತೀವಿ" ಅಂದಳು. ಮತ್ತೆ ಗುಡಿಸತೊಡಗಿದಳು. ಆ "ಪಾಪ" ನನಗೇ ಹೇಳಿದ್ದು.

ಆರೇಳು ತಿಂಗಳು ಹೀಗೇ ಹೋಯಿತು. ಬೆಳಿಗ್ಗೆ ಎಲ್ಲರ ಜೊತೆ ನಡೆಯುತ್ತಿದ್ದೆ. ತಿರುವು ಬಂದಾಗ ಅವರು ಅತ್ತ, ನಾನು ಇತ್ತ. ನಡೆಯುವಾಗ ಮಾತು ಹೆಚ್ಚಿಗೆ ಆಗುವುದಿಲ್ಲ, ನಮ್ಮ ವಯಸ್ಸಿನಲ್ಲಿ ಉಸಿರು ನಡಿಗೆಗೇ ಬೇಕು. ಮಾತೆಲ್ಲ ಮೇಜಿನ ಸುತ್ತ. ಯಾರಿಗೆ ಆಪರೇಷನ್ ಆಯಿತು, ಯಾರ ಮಗಳ ಮದುವೆ ನಿಂತಿತು, ಎಲ್ಲವೂ ನನಗೆ ತಡವಾಗಿ, ತಂಗಳಾಗಿ ತಿಳಿಯುತ್ತಿತ್ತು. ಮನೆಯಲ್ಲಿ ಪೇಪರ್ ಹಿಡಿದು ಕಾಫಿ ಕುಡಿಯುತ್ತಾ, ಈಗ ಅವರು ಏನು ಮಾತಾಡುತ್ತಿರಬಹುದು ಅಂತ ಯೋಚಿಸುತ್ತಿದ್ದೆ.

ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ಬೆಂಚಿನವನು ನಡಿಗೆಯ ನಡುವೆ ಹೇಳಿದ. ಸಂಕ್ರಾಂತಿ ಕಳೆದ ಮೇಲೆ ಅವನು ಎಲೆಕ್ಟ್ರಾನಿಕ್ ಸಿಟಿಗೆ, ಮಗಳ ಮನೆಗೆ ಹೋಗುತ್ತಾನಂತೆ. ಹೆಂಡತಿ ಮೊಮ್ಮಗುವನ್ನು ನೋಡಿಕೊಳ್ಳಲು ಹೋಗಿ ಆಗಲೇ ವರ್ಷವಾಗಿತ್ತು. ಒಬ್ಬನೇ ಮುದ್ದೆ ಕೂಡಿಸಿ ಸಾಕಾಗಿದೆ ಅಂದ. ಇದೇ ಊರಲ್ಲವೇ ಅಂತ ಬೇರೆಯವರು ಸಮಾಧಾನ ಹೇಳಿದರು. ಯಾವ ಇದೇ ಊರು? ಇಲ್ಲಿಂದ ಅಲ್ಲಿಗೆ ಹೋಗುವುದೂ ಒಂದೇ, ಮೈಸೂರಿಗೆ ಹೋಗಿ ಇಳಿಯುವುದೂ ಒಂದೇ. ನಮ್ಮಿಬ್ಬರ ಮಂಡಿಗಳು ಆ ಬಸ್ಸು, ಆ ಮೆಟ್ರೋ ಮೆಟ್ಟಿಲು ಹತ್ತಿ ಇಳಿದು ಎಷ್ಟು ಸಲ ಒಬ್ಬರ ಮುಖ ಒಬ್ಬರಿಗೆ ತೋರಿಸಿಯಾವು?

ಅಂದಿನಿಂದ ನನಗೆ ಒಂದೇ ಚಿಂತೆ. ಉಳಿದಿದ್ದ ಬೆಳಗುಗಳು ಕೈಬೆರಳಲ್ಲಿ ಎಣಿಸುವಷ್ಟಾಗುತ್ತಾ ಬರುತ್ತಿದ್ದವು. ಅವು ಆ ಹೋಟೆಲಿನ ಒಳಗೆ ಕಳೆಯುತ್ತಿದ್ದವು. ನಾನು ಹೊರಗಿದ್ದೆ.

ಅವನನ್ನು ಮನೆಗೇ ಕಾಫಿಗೆ ಕರೆದೆ. ಕೆಲವು ದಿನ ಬಂದ. ನನ್ನ ಹೆಂಡತಿಯ ಎದುರು ಅವನಿಗೆ ನಾಚಿಕೆ. ಸೋಫಾದ ತುದಿಯಲ್ಲಿ ಕೂತು, "ಯಾಕಮ್ಮಾ ತೊಂದ್ರೆ" ಅನ್ನುತ್ತಾ, ಬಾಯಿ ಸುಟ್ಟುಕೊಂಡು ಬೇಗ ಬೇಗ ಕುಡಿದು ಏಳುತ್ತಿದ್ದ. ಕಾರ್ಖಾನೆಯ ಪೋಲಿ ಮಾತು ಒಂದೂ ಅಲ್ಲಿ ಆಡುವಂತಿರಲಿಲ್ಲ. ಮಿಕ್ಕವರಿಲ್ಲದೆ ಅವನಿಗೂ ಬೇಸರ. ಕೊನೆಗೆ ನಾನೇ ಕರೆಯುವುದನ್ನು ಬಿಟ್ಟೆ.

ಆಮೇಲೊಂದು ದಿನ ಪಾರ್ಕಿನ ಕಲ್ಲುಬೆಂಚಿನ ಮೇಲೆ ನಾವಿಬ್ಬರೇ ಕೂತಿದ್ದಾಗ ನನಗೆ ತಡೆಯಲಾಗಲಿಲ್ಲ. ಕೇಳಿಯೇ ಬಿಟ್ಟೆ.

"ಮೂವತ್ತು ವರ್ಷ ಪಕ್ಕದಲ್ಲಿ ಕೂತೋನು ನೀನು. ನೀನಾದ್ರೂ ನನ್ನ ಜೊತೆ ಏಳಬಹುದಿತ್ತು ಕಣೋ."

ಅವನು ಕೈಯಲ್ಲಿದ್ದ ಟೋಪಿಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದ.

"ನಮ್ಮಟ್ಟಿ ಇಂದ್ಗಡೆ ಗೋಡೆ ಸಂದೀಲಿ ಒಂದು ತೆಂಗಿನ್ ಚಿಪ್ಪು ಸಿಗ್ಸಿರೋದು" ಅಂದ. "ಕೂಲಿಗ್ ಬರೋರ್ಗೆ ನಮ್ಮವ್ವ ಅದ್ರಲ್ಲೇ ಮಜ್ಗೆ ಉಯ್ಯೋಳು, ಮ್ಯಾಲಿಂದ. ನಾನೇ ಎಷ್ಟೋ ಕಿತ ಉಯ್ದಿವ್ನಿ. ಆ ಓಟ್ಲೋನ್ಗೆ ನಾ ಏನಂತ ಏಳ್ಲಿ? ನನ್ಗೆ ಬಾಯಿ ಬರಾಕಿಲ್ಲ ಕಣ್ಲಾ."

ಮೇಲೆ ಏರ್‌ಫೋರ್ಸಿನ ಹೆಲಿಕಾಪ್ಟರೊಂದು ಹಾದುಹೋಯಿತು. ಅದು ದೂರವಾದ ಮೇಲೆ ಅವನ ದನಿ ಬದಲಾಗಿತ್ತು. ಮಶೀನಿನ ಮೇಲೆ ತಪ್ಪಾಗಿ ಕಬ್ಬಿಣದ ಜಾಬ್ ಕೂರಿಸಿದವನನ್ನು ಗದರುವ ಹಳೆಯ ದನಿ ಅದು.

"ನಂದು ಇರ್ಲಿ. ನೀ ಮಾಡ್ತಿರಾದು ಏನ್ಲಾ? ನಾವು ಕ್ಯಾಂಟೀನ್ನಾಗೆ ಮನೇಲಿ ಕುಂತಿದ್ವಾ? ಅಲ್ಗೇ ಓಗಿ, ಅವ್ರ್ ಕಣ್ಮುಂದೇನೇ ತಟ್ಟೆ ಬೋರ್ಲಾಕಿ ಕುಂತಿದ್ವಿ. ನೀ ಮಾಡ್ತಿರಾದು ಬಹಿಷ್ಕಾರ ಅಲ್ಲ ಕಣ್ಲಾ, ಆಬ್ಸೆಂಟು. ಆಬ್ಸೆಂಟ್ ಆದೋನ್ನ ಯಾವ್ ಮ್ಯಾನೇಜ್ರು ಕೇಳ್ತಾನೆ?"

ನನಗೆ ಸಿಟ್ಟು ಬಂತು, ನಗುವೂ ಬಂತು. ಇಷ್ಟು ವರ್ಷ ಎಷ್ಟೊಂದು ಅಂಗಡಿಗಳನ್ನು ಬಿಟ್ಟು, ಎಷ್ಟೊಂದು ಅಡ್ಡರಸ್ತೆ ತಿರುಗಿ, ನಾನು ಮಾಡಿದ್ದೆಲ್ಲ ಬರೀ ಗೈರುಹಾಜರಿ. ಒಂದು ಇಡೀ ಶಿಫ್ಟೇ ಎದ್ದ ಹಾಗೆ ನಾನು ಒಬ್ಬನೇ ಎದ್ದು ಬರುತ್ತಿದ್ದೆ, ಆದರೆ ನಾನು ಎದ್ದದ್ದನ್ನು ಅಲ್ಲಿ ಯಾರೂ ಗಮನಿಸಿರಲಿಲ್ಲ.

ಮಾರನೇ ದಿನ ತಿರುವಿನಲ್ಲಿ ನಾನೂ ಅತ್ತಲೇ ತಿರುಗಿದೆ. ಮಿಕ್ಕವರು ಹೋ ಅಂದರು. "ಮುಗೀತಾ ಗುರು ನಿನ್ನ ಚಳವಳಿ?" ಅಂತ ಒಬ್ಬ ಬೆನ್ನು ತಟ್ಟಿದ. ಗಲ್ಲಾದಲ್ಲಿದ್ದ ಮಾಲೀಕ ನನ್ನನ್ನು ನೋಡಿ ಮುಖವರಳಿಸಿದ.

"ಬನ್ನಿ ಸಾರ್. ಎರಡು ದಿನದಿಂದ ಕಾಣ್ಲೇ ಇಲ್ಲ?"

ಎರಡು ದಿನ! ನನ್ನ ಅರ್ಧ ವರ್ಷದ ಬಹಿಷ್ಕಾರ ಅವನ ಪಾಲಿಗೆ ಎರಡು ದಿನದ ನೆಗಡಿ. ಬೆಂಚಿನವನು ನನ್ನ ಕಡೆ ನೋಡಲಿಲ್ಲ, ಆದರೆ ಅವನ ಭುಜ ಕುಲುಕುತ್ತಿತ್ತು.

ಮೂಲೆ ಮೇಜಿನಲ್ಲಿ ಅವನ ಪಕ್ಕ ಕೂತೆ. ಸಪ್ಲೈಯರ್ ನೀರು ತುಂಬಲು ಖಾಲಿ ಲೋಟಗಳನ್ನು ಮುಂದಿಟ್ಟ. ನಾನು ನನ್ನದನ್ನು ಬೋರಲು ಹಾಕಿದೆ. ಸಣ್ಣ ಸದ್ದು, ಟಕ್ ಅಂತ. ಅವನು ಕೈಜಾರಿ ಆಯಿತೇನೋ ಅಂದುಕೊಂಡು ನೆಟ್ಟಗೆ ಮಾಡಿ ನೀರು ಹೊಯ್ಯಲು ಬಗ್ಗಿದ. ಮತ್ತೆ ಬೋರಲು ಹಾಕಿದೆ. ಅವನು ಮತ್ತೆ ನೆಟ್ಟಗೆ ಮಾಡಿದ. ಮೂರನೇ ಸಲ ಹಾಕಿದಾಗ ನನ್ನ ಮುಖ ನೋಡಿ, ಜಗ್ಗು ಹಿಡಿದುಕೊಂಡೇ ಗಲ್ಲಾದ ಕಡೆ ಹೋದ. ಜೊತೆಯವರು ಕಾಫಿ ತರಿಸಿಕೊಂಡರು. ವಾಸನೆ ಮೂಗಿಗೆ ಬಡಿಯಿತು. ನಾನು ಕೈಕಟ್ಟಿ ಕೂತೆ.

ಮಾಲೀಕ ಎದ್ದು ಬಂದ. "ಏನಾಯ್ತು ಸಾರ್? ಕಾಫಿ ಸರಿಯಿಲ್ವಾ?"

"ಕಾಫಿ ಚೆನ್ನಾಗಿದೆ. ಕಿಟಕಿ ಹತ್ರ ನಿಂತಿರೋರಿಗೆ ಲೋಟದಲ್ಲಿ ಕೊಟ್ಟ ದಿನ ನಾನೂ ಕುಡೀತೀನಿ" ಅಂದೆ. ಇಷ್ಟು ತಿಂಗಳಲ್ಲಿ ಈ ಮಾತನ್ನು ಅವನ ಮುಖಕ್ಕೆ ಹೇಳಿದ್ದು ಅದೇ ಮೊದಲು.

ಅವನಿಗೆ ನೆನಪಾಯಿತು. "ಇನ್ನೂ ಅದೇನಾ ಸಾರ್" ಅಂದ, ಬೇಸರದಿಂದ. ಹೋಗಿ ಕೂತ. ಸಪ್ಲೈಯರಿಗೆ ಏನೋ ಹೇಳಿದ. ಆಮೇಲೆ ಯಾರೂ ನನ್ನ ಲೋಟ ಮುಟ್ಟಲಿಲ್ಲ.

ಅಂದಿನಿಂದ ದಿನಾ ಹೋದೆ. ಮಾತಾಡಿದೆ, ನಕ್ಕೆ, ಸತ್ತವರ ಸುದ್ದಿ ಬಿಸಿಬಿಸಿಯಾಗಿಯೇ ಕೇಳಿದೆ. ಕಾಫಿ ಒಂದನ್ನು ಮಾತ್ರ ಕುಡಿಯಲಿಲ್ಲ. ಬೆಂಚಿನವನು ತನ್ನ ಕಾಫಿ ಕುಡಿಯುತ್ತಿದ್ದ, ಆದರೆ ಮೊದಲಿನ ಹಾಗೆ ಸೊರ್ ಅಂತ ಎಳೆದು ಕುಡಿಯುತ್ತಿರಲಿಲ್ಲ. ಜೊತೆಯವರು ನನ್ನ ಬೋರಲು ಲೋಟದ ಮೇಲೆ ಸಕ್ಕರೆ ಇಡುವುದು, ಅದಕ್ಕೆ ಕೈಮುಗಿಯುವುದು, ಇಂಥ ತಮಾಷೆಗಳನ್ನು ಕೆಲವು ದಿನ ಮಾಡಿ ಮರೆತರು. ಕಿಟಕಿಯಲ್ಲಿ ಪೇಪರ್ ಕಪ್ಪುಗಳು ಹೋಗುತ್ತಲೇ ಇದ್ದವು.

ಅವನು ಹೊರಡುವ ಹಿಂದಿನ ಬೆಳಿಗ್ಗೆ ಎಲ್ಲರೂ ಸ್ವಲ್ಪ ಮುಂಚೆಯೇ ಬಂದು ಕೂತಿದ್ದೆವು. ಅವನಿಗೆಂದು ಯಾರೋ ಕೇಸರಿಬಾತ್ ಹೇಳಿದ್ದರು. ಸಪ್ಲೈಯರ್ ಲೋಟಗಳನ್ನಿಟ್ಟ. ನಾನು ನನ್ನದನ್ನು ಮಗುಚಿದೆ. ಪಕ್ಕದಲ್ಲಿ ಇನ್ನೊಂದು ಟಕ್ ಕೇಳಿಸಿತು. ಬೆಂಚಿನವನು ತನ್ನ ಲೋಟದ ಬುಡದ ಮೇಲೆ ಅಂಗೈ ಊರಿ ಕೂತಿದ್ದ, ಯಾರಾದರೂ ನೆಟ್ಟಗೆ ಮಾಡಿಯಾರು ಅನ್ನುವ ಹಾಗೆ. ಕೇಸರಿಬಾತ್ ಬಂತು, ಅವನು ಅದನ್ನೂ ಮುಟ್ಟಲಿಲ್ಲ. ನನ್ನ ಕಣ್ಣು ತುಂಬಿದ್ದು ಅವನಿಗೆ ಕಂಡಿತೋ ಏನೋ, "ಯಾವ್ ಸೀಮೆ ಗಂಡ್ಸ್ಲಾ ನೀನು" ಅಂತ ಮೊಣಕೈಯಲ್ಲಿ ತಿವಿದ.

ಅವನು ಹೋದ ಮೇಲೂ ನಾನು ಹೋಗುತ್ತಿದ್ದೇನೆ. ಪಕ್ಕದ ಜಾಗ ಖಾಲಿ. ಮಿಕ್ಕವರು ಎದುರಿಗೆ ಕೂರುತ್ತಾರೆ, ಆ ಜಾಗಕ್ಕೆ ಯಾರೂ ಸರಿಯುವುದಿಲ್ಲ. ನನಗೆ ಬಹಳ ಸುಸ್ತು. ಮುಂಜಾನೆ ಎದ್ದು, ನಡೆದು, ಕಾಫಿಯ ವಾಸನೆಯಲ್ಲಿ ಕಾಫಿ ಕುಡಿಯದೆ ಕೂತು ಬರುವುದು ಈ ವಯಸ್ಸಿಗೆ ಹೇಳಿದ ಕೆಲಸವಲ್ಲ. ಎಷ್ಟೋ ಸಲ, ಒಂದು ಲೋಟ ಕುಡಿದುಬಿಟ್ಟರೆ ಏನು ಗಂಟು ಹೋಗುತ್ತದೆ ಅನ್ನಿಸುತ್ತದೆ. ಆ ಹೆಂಗಸಂತೂ ನನ್ನನ್ನು ಒಳಗೆ ಕಂಡು, ಮತ್ತೆ ಶುರುಮಾಡಿದಿರಲ್ಲ ಒಳ್ಳೆಯದಾಯಿತು ಅನ್ನುವ ಹಾಗೆ ಕಿಟಕಿಯಿಂದಲೇ ತಲೆಯಾಡಿಸುತ್ತಾಳೆ. ಅವಳಿಗೆ ನನ್ನ ಲೋಟ ಕಾಣುವುದಿಲ್ಲ.

ಮೊನ್ನೆ ಹೋದಾಗ ನಮ್ಮ ಮೂಲೆಯ ಗೋಡೆಯ ಮೇಲೆ, 'ರಾಜಕೀಯ ಮಾತನಾಡಬಾರದು' ಅನ್ನುವ ಹಳೆಯ ಬೋರ್ಡಿನ ಕೆಳಗೆ, ಒಂದು ಹೊಸ ಬೋರ್ಡು ಬಂದಿತ್ತು. 'ತಿಂಡಿ, ಕಾಫಿ ತೆಗೆದುಕೊಳ್ಳದವರು ಕೂರಬಾರದು.' ಬಣ್ಣ ಇನ್ನೂ ಹೊಸದು. ಓದಿ ನನಗೆ ಅವಮಾನ ಆಗಬೇಕಿತ್ತು. ಆಗಲಿಲ್ಲ. ಔಷಧಿ ಅಂಗಡಿ, ಸೂಪರ್ ಮಾರ್ಕೆಟ್ಟು, ಕಟಿಂಗ್ ಶಾಪು, ಇಷ್ಟನ್ನು ಬಿಟ್ಟ ಮೇಲೆ ನನಗೆ ಬಂದ ಮೊಟ್ಟಮೊದಲ ಉತ್ತರ ಅದು. ಬೋರ್ಡಿನ ಕೆಳಗೇ ಕೂತು ಲೋಟ ಮಗುಚಿದೆ. ಮಾಲೀಕ ನೋಡಿದ, ಎದ್ದು ಹೋಗಿ ಅನ್ನಲು ಅವನಿಗೂ ಬಾಯಿ ಬರಲಿಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದೆ. "ಅಂತೂ ನಿಮ್ಮ ಹೆಸರಲ್ಲಿ ಒಂದು ಬೋರ್ಡ್ ಆಯ್ತು ಬಿಡಿ" ಅಂದಳು.

ಬೆಂಚಿನವನಿಗೆ ಫೋನು ಮಾಡಿ ಹೇಳಿದೆ. ಅವನು ಎಷ್ಟು ನಕ್ಕನೆಂದರೆ ಆ ಕಡೆಯಿಂದ ಮೊಮ್ಮಗು ಅಳತೊಡಗಿತು. ಅದನ್ನು ಯಾರ ಕೈಗೋ ಕೊಟ್ಟು ಮತ್ತೆ ಬಂದ.

"ಇಲ್ಲೂ ಒಂದು ಓಟ್ಲು ಐತೆ ಕಣ್ಲಾ, ಅಪಾರ್ಟ್‌ಮೆಂಟ್ ಗೇಟ್ ತಾವ" ಅಂದ. "ಇಲ್ಲೂ ಅಂಗೇನೇ. ಸೆಕ್ಯೂರಿಟಿಯೋರ್ಗೆ, ಕಸ ಗುಡ್ಸೋರ್ಗೆ ವೊರಗೆ, ಪೇಪರ್ ಕಪ್ನಾಗೆ."

"ನೀನೇನ್ ಮಾಡ್ದೆ?"

"ಇವತ್ತು ಒಳಿಕ್ಕೋಗಿ ಕುಂತ್ಕಂಡೆ. ಬೋರ್ಲಾಕ್ದೆ."

ಅವನ ಪಕ್ಕ ಅಲ್ಲಿ ಯಾರು ಕೂತಿದ್ದರು ಅಂತ ಕೇಳಬೇಕೆನ್ನಿಸಿತು, ಕೇಳಲಿಲ್ಲ. ಯಾರೂ ಇಲ್ಲ ಅಂತ ಗೊತ್ತಿತ್ತು.

"ಯಾರಾದ್ರೂ ಬಂದು ಕೇಳಿದ್ರಾ?" ಅಂದೆ.

"ಇಲ್ಲ ಕಣ್ಲಾ. ಟೇಬಲ್ ಒರ್ಸೋನು ಬಂದು, ಖಾಲಿ ಲೋಟ ಅಂತ ಎತ್ಕಂಡೋದ."

"ನಾಳೇನೂ ಹೋಗು" ಅಂದೆ.